ಮಾಂಕುವಿನ ಬಾಂಡ್ಲಿ

ಮೊದಲು ಅದು ಕೊಳವಲ್ಲ,
ಕಕ್ಕಸಿನ ಗುಂಡಿ.
ಹತ್ತು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ತೆಂಗು ಎರಡು.
ಉಳಿದ ಮೂಲೆಯಲ್ಲಿ ಮಾಂಕು ಮೂರು ದಿನ
ಪಿಕಾಸಿ ಎತ್ತಿ ಎತ್ತಿ ಹಾಕಿ
ಸೊಂಟದಾಳ ಇಳಿದಿದ್ದ.
ಪಂಚಾಯತಿನವರು ಟೇಪು ಹಿಡಿದು ಬಂದು
ಬಾವಿಯಿಂದ ಗುಂಡಿಗೆ ಅಳೆದು
"ಸಾಲದು" ಅಂದರು ಮಲಯಾಳದಲ್ಲಿ.
"ಯಾವ ಭಾಷೆಯಲ್ಲಿ ಅಳೆದರೂ ಅಷ್ಟೇ"
ಅಂದ ಮಾಂಕು ತುಳುವಿನಲ್ಲಿ,
ಬೀಡಿ ಹಚ್ಚಿದ.

ಮುಚ್ಚುವುದಕ್ಕೂ ಕೂಲಿ ಕೊಡಬೇಕಲ್ಲ.
ಹಲ್ಲು ಕಿತ್ತ ವಸಡಿನ ಹಾಗೆ ಕೆಂಪಗೆ ಬಿದ್ದದ್ದನ್ನು
ಅಡುಗೆಮನೆ ಕಿಟಕಿಯಿಂದ ಒಂದು ತಿಂಗಳು ನೋಡಿದೆ.
ಆಮೇಲೆ ಒಂದು ಸಂಜೆ, ಮೀನು ಸಾರಿಗೆ ಹುಳಿ ಕಿವುಚುತ್ತ
"ಇದರಲ್ಲಿ ನೀರು ನಿಲ್ಲಿಸೋಣ" ಅಂದೆ.
ಇವರು ನಕ್ಕರು.

ನಗದೆ ಏನು.
ನಾನು ಹಾಲಿನ ಸೊಸೈಟಿಯವಳು.
ಇಪ್ಪತ್ತೆರಡು ವರ್ಷ, ಬೆಳಗಿನ ಐದೂವರೆಗೆ
ಊರವರ ಹಾಲಿನಲ್ಲಿ ನೀರು ಹುಡುಕಿದವಳು.
ಲ್ಯಾಕ್ಟೋಮೀಟರು ಮುಳುಗಿದ ಹಾಗೆಲ್ಲ
ಎದುರು ನಿಂತವರ ಮುಖ ಮುಳುಗುವುದನ್ನು ಕಂಡವಳು.
ನೀರೆಂದರೆ ನನಗೆ
ಯಾರೋ ಮುಚ್ಚಿಟ್ಟ ವಿಷಯ.

ಇವರಿಗೆ ಬೇಕಾದದ್ದು ಸುತ್ತ ಬಿಳಿ ಬೆಣಚುಕಲ್ಲು,
ನಡುವೆ ಸಿಮೆಂಟಿನ ಕೊಕ್ಕರೆ,
ಅದರ ಕೊಕ್ಕಿನಿಂದ ನೀರು ಚಿಮ್ಮಬೇಕು.
ನನಗೆ ಕೆಸು, ಬಜೆ,
ಕಾಲಿಳಿಸಿ ಕೂರಲು ಒಂದೇ ಒಂದು ಮೆಟ್ಟಿಲು.
ಕೊಕ್ಕರೆಯ ದೆಸೆಯಿಂದ ಒಂದು ವಾರ
ಮನೆಯಲ್ಲಿ ಮಾತಿಲ್ಲ.

ಮುರಕಲ್ಲು ನೀರು ಹಿಡಿಯುವುದಿಲ್ಲ,
ಅದರ ಮೈಯೆಲ್ಲ ಬಾಯಿ.
ಕುಂಬಳೆಯಿಂದ ದಪ್ಪ ನೀಲಿ ಟಾರ್ಪಾಲು ತಂದೆವು.
ಅಡಿಗೆ ಹೊಯಿಗೆ, ಅದರ ಮೇಲೆ ಹಳೇ ಗೋಣಿ,
ಮಡಿಕೆ ಮಡಿಕೆಯಾಗಿ ಮೆಲ್ಲಗೆ ಇಳಿಸುವಾಗ
ತೊಟ್ಟಿಲಿಗೆ ಬಟ್ಟೆ ಹಾಸುವ ಹಾಗೆ ಅನ್ನಿಸಿತು.
ಹೇಳಲಿಲ್ಲ.
ಇವರಿಗೂ ಅನ್ನಿಸಿರಬೇಕು,
ಅಂಚು ಎಳೆಯುತ್ತಿದ್ದ ಕೈ ತಡೆಯಿತು.

ದಡ ಸಮ ಬರಬೇಕು.
ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿ
ಒಂದು ತುದಿ ಇವರು, ಒಂದು ತುದಿ ನಾನು.
"ಇಳಿಸು." "ತುಸು ಎತ್ತಿ." "ಆಯ್ತಾ?" "ಆಯ್ತು."
ಆ ವಾರದ ಮಾತು ಅಷ್ಟೇ.
ಕಣ್ಣಿಗೆ ಸಮವಾಗಿದ್ದ ಅಂಗಳ
ಬಾವಿಯ ಕಡೆಗೆ ಗೇಣುದ್ದ ವಾಲಿತ್ತು!
ಹತ್ತೊಂಬತ್ತು ವರ್ಷ ಆ ಓರೆಯಲ್ಲೇ ಓಡಾಡಿದ್ದೇವೆ,
ಒಬ್ಬರೂ ಮುಗ್ಗರಿಸಿರಲಿಲ್ಲ.
ತಗ್ಗಿನ ಬದಿಗೆ ಮಾಂಕು
ಎರಡು ವರಸೆ ಕಲ್ಲಿಟ್ಟ.

ವಿಷುವಿನ ಮಾರನೇ ದಿನ ಪಂಪು ಹಾಕಿದೆವು.
ಬಾವಿ ಗೊಣಗುತ್ತ ಕೊಟ್ಟಿತು.
ದಿನಾ ಬೆಳಿಗ್ಗೆ ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದೆ,
ಅಭ್ಯಾಸ.
ದಿನಕ್ಕೊಂದು ಬೆರಳು ಇಳಿಯಿತು.
"ಹುಡುಕಬೇಡಿ ಅಕ್ಕಾ" ಅಂದ ಮಾಂಕು.
"ಇಳಿಯುವಷ್ಟು ಇಳಿಯಲಿ.
ಎಲ್ಲಿ ನಿಲ್ಲುತ್ತದೋ ಅಲ್ಲೇ ತೂತು."
ಎಂಟನೇ ಗೆರೆಗೆ ನಿಂತಿತು.
ಅಕ್ಕಿಕಾಳಿನಷ್ಟು.
ಸೈಕಲ್ ಟ್ಯೂಬಿನ ತುಂಡು ಅಂಟಿಸಿ
ಆಚೆ ಬದಿಗೆ ಹೋಗಿ ನೋಡಿದರೆ
ಸೋರಿದ ಜಾಗಕ್ಕೆ ಆಗಲೇ ಒಂದೆಲಗ ಹಬ್ಬಿದೆ.
ಅದರ ಬಾಯಿಗೆ ಬಿದ್ದದ್ದನ್ನು ಕಿತ್ತುಕೊಂಡ ಹಾಗಾಗಿ
ಈಗ ದಿನಾ ಅದಕ್ಕೊಂದು ಚೆಂಬು ಹೊಯ್ಯುತ್ತೇನೆ.

ಜೂನ್ ಬಂತು.
ಪದವಿನ ತಗ್ಗು ತಗ್ಗಿನಲ್ಲೂ ಪಳ್ಳ.
ಅದೇ ಕಲ್ಲು, ತನಗೆ ಮನಸ್ಸಾದಲ್ಲಿ
ಟಾರ್ಪಾಲಿಲ್ಲದೆ ಹಿಡಿದುಕೊಂಡಿದೆ ನೀರು.
ರಾತ್ರಿಯಿಡೀ ಕಪ್ಪೆಗಳ ಗದ್ದಲ,
ನಮ್ಮ ಕೊಳದಲ್ಲಿ ಮಾತ್ರ ಒಂದು ಸದ್ದಿಲ್ಲ.
ಕೆಸು ಬೆಳೆದಿದೆ, ಮೆಟ್ಟಿಲಿದೆ,
ಅಂಚಿಗೆ ಇವರ ಬೆಣಚುಕಲ್ಲು ನಾಲ್ಕೇ ನಾಲ್ಕು, ರಾಜಿ.
ಕಪ್ಪೆ ಬಂದದ್ದೇನೋ ನಿಜ.
ಬಂದು, ಎಲ್ಲ ನೋಡಿ,
ತೆಂಗಿನ ಬುಡದಲ್ಲಿ ಮಾಂಕು ಮರೆತುಹೋದ
ಸಿಮೆಂಟು ಮೆತ್ತಿದ ಬಾಂಡ್ಲಿಯ ಮಳೆನೀರಿನಲ್ಲಿ
ಮೊಟ್ಟೆಯಿಟ್ಟು ಹೋಗಿದೆ.

ನಿನ್ನೆ ಮಾಂಕು ಬಾಂಡ್ಲಿ ಕೇಳಲು ಬಂದ,
ಪೆರ್ಲದಲ್ಲಿ ಕೆಲಸವಂತೆ.
ನಾವಿಬ್ಬರೂ ಅಡ್ಡ ನಿಂತೆವು, ಹೇಗೆ ಹೇಳುವುದೋ ತಿಳಿಯದೆ.
ಅವನು ಬಗ್ಗಿ ನೋಡಿದ.
ಅಲ್ಪವಿರಾಮದಂಥವು ನೂರಾರು, ಕಪ್ಪಗೆ, ಗಡಿಬಿಡಿಯಲ್ಲಿ.
"ಇರಲಿ" ಅಂದ,
"ಬಾಲ ಉದುರಿದ ಮೇಲೆ ಕೊಡಿ."